ಬಾರ್ಸಿಲೋನಾದಲ್ಲಿ ಏಳು ಊಟ

ಡೆಸ್ ಪ್ಲೇನ್ಸ್, ಇಲಿನಾಯ್
ಮೇ 6, 2025

ಲತಾ,

ಫೋನಿನಲ್ಲಿ ನೀನು ಹ್ಞೂಂ ಹ್ಞೂಂ ಅಂತೀಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಮೇಲ್ ಬರೆಯುತ್ತಿದ್ದೇನೆ. ಬರೆದದ್ದಕ್ಕೆ ಹ್ಞೂಂ ಅಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಟಿಕೆಟ್ ಆಗಿದೆ. ಒಂಬತ್ತನೇ ತಾರೀಕು ಶುಕ್ರವಾರ ಸಂಜೆ ಡೆಟ್ರಾಯ್ಟ್ ಬಿಡುತ್ತೀಯ. ಶನಿವಾರ ಮಧ್ಯಾಹ್ನ ಬಾರ್ಸಿಲೋನಾ. ಅಲ್ಲಿ ಏಳು ರಾತ್ರಿ. ಹದಿನೇಳನೇ ತಾರೀಕು ಶನಿವಾರ ಮಧ್ಯಾಹ್ನ ಅಲ್ಲಿಂದ ಬೆಂಗಳೂರು. ಎರಡು ಸೂಟ್‌ಕೇಸು, ಒಂದೊಂದು ಇಪ್ಪತ್ತಮೂರು ಕಿಲೋ. ನಾಲ್ಕು ವರ್ಷದ ಮಿಶಿಗನ್ ಸಂಸಾರವನ್ನು ನಲವತ್ತಾರು ಕಿಲೋಗೆ ಇಳಿಸು. ಕುಕ್ಕರ್ ಯಾರಿಗಾದರೂ ಕೊಡು.

ಕೆಲಸ ಹೋದದ್ದು ಮಾರ್ಚ್ ಹದಿನೇಳು. ಕೆಲಸ ಹೋದವರು ದೇಶ ಬಿಡಲು ವೀಸಾದವರು ಕೊಡುವ ಅರವತ್ತು ದಿನ ಮುಗಿಯುವುದು ಮೇ ಹದಿನಾರು. ಒಂದು ವಾರ ಮುಂಚೆಯೇ ಹೊರಡುತ್ತಿದ್ದೀಯ, ಅದು ಜಾಣತನ. ನೇರವಾಗಿ ಮೈಸೂರಿಗೆ ಹೋಗದೆ ನಡುವೆ ಇಳಿಯುತ್ತಿದ್ದೀಯ, ಅದು ಏನು ಅಂತ ನನಗೆ ಗೊತ್ತಾಗಲಿಲ್ಲ. ನೀನು ಹೇಳಿದ್ದು ಇಷ್ಟು: "ಮಾವ, ನಂಗೆ ಇಪ್ಪತ್ತಾರು ವರ್ಷ. ಇವತ್ತಿನವರೆಗೂ ಒಂದು ರಾತ್ರಿ ನಂದು ಅಂತ ಇರಲಿಲ್ಲ. ಆ ಊರಲ್ಲಿ ಜನ ಬೆಳಗಿನ ಜಾವದವರೆಗೂ ಬೀದಿಯಲ್ಲಿರ್ತಾರಂತೆ. ಒಬ್ಬಳೇ ಹೋಗಿ ನೋಡ್ಬೇಕು." ಸರಿ. ಟಿಕೆಟ್ ಮಾಡುವವನಿಗೆ ಅರ್ಥವಾಗಲೇಬೇಕು ಅಂತೇನೂ ಇಲ್ಲ. ಷಿಕಾಗೋದ ಡೆವನ್ ರಸ್ತೆಯಲ್ಲಿ ಸೀರೆ ಅಂಗಡಿಯ ಮೇಲೆ ಟ್ರಾವೆಲ್ ಆಫೀಸು ಇಟ್ಟು ಹನ್ನೊಂದು ವರ್ಷವಾಯಿತು, ಅರ್ಥವಾದ ಟಿಕೆಟ್ ಮಾತ್ರ ಮಾಡಿದ್ದರೆ ಇನ್ನೂ ಟ್ಯಾಕ್ಸಿ ಓಡಿಸಿಕೊಂಡಿರುತ್ತಿದ್ದೆ.

ಒಂದು ಚಿಕ್ಕ ಬದಲಾವಣೆ. ನನ್ನ ಕೈಯಲ್ಲಿ ಬುಕ್ ಮಾಡಿಸಿದ್ದೆಯಲ್ಲ ಹಾಸ್ಟೆಲ್, ಅದನ್ನು ಕ್ಯಾನ್ಸಲ್ ಮಾಡಿದ್ದೇನೆ. ಒಂದು ರೂಮಿಗೆ ಎಂಟು ಮಂಚ, ಎಂಟು ಮಂಚಕ್ಕೆ ಒಂದು ಬಚ್ಚಲು. ಬಾರ್ಸಿಲೋನಾದ ಪಕ್ಕ ಸಂತ್ ಕುಗಾತ್ ಅಂತ ಒಂದು ಊರಿದೆ, ಹನ್ನೆರಡು ಮೈಲಿ. ಅಲ್ಲಿ ನಮ್ಮ ಶ್ರೀಕಾಂತ್ ಇದ್ದಾನೆ. ಮೊದಲು ಇಲ್ಲೇ ಡೆಸ್ ಪ್ಲೇನ್ಸ್‌ನಲ್ಲಿದ್ದ, ಐದು ವರ್ಷ ನನ್ನ ಗಾಡಿಯಲ್ಲೇ ಏರ್‌ಪೋರ್ಟಿಗೆ ಹೋಗುತ್ತಿದ್ದ. ಹೆಂಡತಿ ಸುಹಾಸಿನಿ, ಒಂದು ಮಗು, ಮೈಸೂರಿನಿಂದ ಬಂದಿರುವ ತಾಯಿ ಅನುಸೂಯಮ್ಮ. ನಮ್ಮವರ ಮನೆ ಇರುವಾಗ ಹಾಸ್ಟೆಲ್ ಯಾಕೆ. ಮಲಗುವುದಕ್ಕೆ ಮಾತ್ರ ಅಲ್ಲಿ, ನಿನ್ನ ರಾತ್ರಿಗೆ ಯಾರೂ ಅಡ್ಡ ಬರುವುದಿಲ್ಲ.

ಶಶಿಮಾವ


ನೋವೈ, ಮಿಶಿಗನ್
ಮೇ 7

ಮಾವ,

ಚಿಕ್ಕ ಬದಲಾವಣೆ ಅಂದಿರಿ. ಇದ್ದದ್ದೇ ಅದೊಂದು. ವಿಮಾನ ಯಾವುದಾದರೂ ಆಗಿತ್ತು, ಊರೂ ಬೇರೆ ಆಗಬಹುದಿತ್ತು. ಯಾರ ಮನೆಯೂ ಅಲ್ಲದ ಜಾಗದಲ್ಲಿ ಮಲಗುವುದು ಮಾತ್ರ ನನಗೆ ಬೇಕಿತ್ತು.

ನಾಲ್ಕು ವರ್ಷ ಕಾರಿನ ಬಿಡಿಭಾಗ ಮಾಡುವ ಕಂಪನಿಗೆ ಸಾಫ್ಟ್‌ವೇರ್ ಬರೆದೆ. ಹೊಸ ಸಾಫ್ಟ್‌ವೇರ್ ಹಾಕುವುದು ಕಾರ್ಖಾನೆ ನಿಂತಿರುವಾಗ ಮಾತ್ರ, ಅಂದರೆ ಶನಿವಾರ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ. ನನ್ನ ರೂಮ್‌ಮೇಟ್ ಡೆಟ್ರಾಯ್ಟಿನ ಕ್ಲಬ್ಬುಗಳಿಗೆ ಹೋಗಿ ಬಂದು ಶೂ ಬಿಚ್ಚುವಾಗ ನಾನು ಕಾನ್ಫರೆನ್ಸ್ ಕಾಲ್‌ನಲ್ಲಿ "ಹೌದು, ಕಾರ್ಖಾನೆಯ ನಾಲ್ಕನೇ ಲೈನ್ ಸರಿಯಾಗಿದೆ" ಅಂತಿರುತ್ತಿದ್ದೆ. ಅದೇ ನನ್ನ ನೈಟ್ ಲೈಫ್.

ಹಾಸ್ಟೆಲ್‌ಗೆ ಫೋನ್ ಮಾಡಿದೆ. ಆ ವಾರ ಏನೋ ದೊಡ್ಡ ಸಮ್ಮೇಳನವಂತೆ, ಊರಲ್ಲೆಲ್ಲೂ ಮಂಚ ಇಲ್ಲ. ಆದ್ದರಿಂದ ಶ್ರೀಕಾಂತ್ ಅವರ ಮನೆಗೇ ಹೋಗುತ್ತೇನೆ. ಒಂದೇ ಕೇಳಿಕೆ. ನನಗೆ ಊಟ ಬೇಡ ಅಂತ ಅವರಿಗೆ ಹೇಳಿ. ಕೀ ಕೊಟ್ಟರೆ ಸಾಕು.

ಲತಾ


ಸಂತ್ ಕುಗಾತ್
ಮೇ 11, ಭಾನುವಾರ

ಮಾವ,

ನೀವು ಊಟ ಬೇಡ ಅಂತ ಹೇಳಲಿಲ್ಲ. ಇಲ್ಲವೇ ಹೇಳಿದ್ದನ್ನು ಅವರು ನನ್ನ ಸಂಕೋಚ ಅಂತ ತಿಳಿದುಕೊಂಡಿದ್ದಾರೆ.

ಶ್ರೀಕಾಂತ್ ಏರ್‌ಪೋರ್ಟಿಗೇ ಬಂದಿದ್ದರು. ಮನೆಗೆ ಬಂದು ಸ್ನಾನ ಮಾಡಿದೆ. ಶನಿವಾರ ರಾತ್ರಿ, ಇಡೀ ವಾರದಲ್ಲಿ ಅದೇ ದೊಡ್ಡದು, ಆವತ್ತು ರೈಲು ಬೆಳಗಿನವರೆಗೂ ಓಡುತ್ತದೆ. ಏಳು ಗಂಟೆಗೆ ತಯಾರಾಗಿ ಹಾಲಿಗೆ ಬಂದರೆ ತಟ್ಟೆ ಹಾಕಿದ್ದರು. ಬಿಸಿಬೇಳೆಬಾತು, ಮೊಸರನ್ನ, ಸಂಡಿಗೆ. ಹೊರಗೆ ಬಿಸಿಲು ಹೊಡೆಯುತ್ತಿತ್ತು. ಈ ದೇಶದಲ್ಲಿ ಕೈಗೂಸು ಕೂಡ ಆ ಹೊತ್ತಿಗೆ ಊಟ ಮಾಡುವುದಿಲ್ಲ ಮಾವ. ಹೋಟೆಲುಗಳು ಬಾಗಿಲು ತೆಗೆಯುವುದೇ ಎಂಟೂವರೆಗೆ, ಕುಣಿಯುವ ಜಾಗಗಳು ರಾತ್ರಿ ಒಂದಕ್ಕೆ.

"ಹೊರಗೆ ಹೋಗ್ತೀಯಾ, ಹೋಗು ಹೋಗು," ಅಂದರು ಅನುಸೂಯಮ್ಮ. "ಎರಡು ತುತ್ತು ತಿಂದು ಹೋಗು." ಎರಡು ತುತ್ತು ಮುಗಿಯುವಷ್ಟರಲ್ಲಿ ಎಂಟೂವರೆ. ಬಿಸಿಬೇಳೆಬಾತು, ರಾತ್ರಿಯಿಡೀ ವಿಮಾನ, ಎಲ್ಲಾ ಸೇರಿ ಸೋಫಾದಲ್ಲಿ ಕಣ್ಣು ಮುಚ್ಚಿತು. ಎದ್ದಾಗ ಬೆಳಗಿನ ನಾಲ್ಕು. ಯಾರೋ ಶಾಲು ಹೊದಿಸಿದ್ದರು. ಬಾಗಿಲಿಗೆ ಚೈನು ಹಾಕಿತ್ತು.

ಇವತ್ತು ಶ್ರೀಕಾಂತ್ ತಾವಾಗಿಯೇ, "ಬಾಮ್ಮ, ನಿಂಗೆ ಇಲ್ಲಿಯ ನೈಟ್ ಲೈಫ್ ತೋರಿಸ್ತೀನಿ" ಅಂದರು. ಐದು ಗಂಟೆಗೆ ಎಲ್ಲರೂ ಕಾರು ಹತ್ತಿದೆವು, ಮಗುವಿನ ಸೀಟು, ಅನುಸೂಯಮ್ಮನ ಮಡಿಸುವ ಕುರ್ಚಿ, ಚುರುಮುರಿ ಡಬ್ಬಿ ಸಮೇತ. ಕಡಲ ದಂಡೆಯಲ್ಲಿ ಕೂತೆವು. ಒಂದು ಕ್ಲಬ್ಬಿನ ಮುಂದೆ ಕಾರು ನಿಧಾನ ಮಾಡಿ, "ಇದೇ ನೋಡು, ಫೇಮಸ್ಸು" ಅಂದರು. ಷಟರ್ ಎಳೆದಿತ್ತು. ಒಬ್ಬ ನೆಲ ತೊಳೆಯುತ್ತಿದ್ದ. ಏಳೂವರೆಗೆ ಮನೆ, ಚಪಾತಿ ಸಾಗು. ನಾನು ತಂಪು ಕನ್ನಡಕ ಹಾಕಿಕೊಂಡು ಬಾರ್ಸಿಲೋನಾದ ರಾತ್ರಿ ನೋಡಿ ಬಂದೆ.

ಎರಡು ಹೋಯಿತು. ಐದು ಉಳಿದಿದೆ.

ಲತಾ


ಡೆಸ್ ಪ್ಲೇನ್ಸ್
ಮೇ 11

ಲತಾ,

ಐದು ಉಳಿದಿದೆ ಅಂತ ನೀನೇ ಬರೆದಿದ್ದೀಯ. ಏಳರಲ್ಲಿ ಎರಡು ದಣಿವಿಗೆ ಹೋಗುವುದು ಯಾವ ಟೂರಿನಲ್ಲಾದರೂ ಇದ್ದದ್ದೇ. ನಾನು ಕಳಿಸುವ ಹತ್ತು ದಿನದ ಯುರೋಪ್ ಟೂರಿನಲ್ಲಿ ಮೊದಲ ಎರಡು ದಿನ ಜನ ಬಸ್ಸಿನಲ್ಲೇ ಗೊರಕೆ ಹೊಡೆಯುತ್ತಾರೆ, ಆಮೇಲೆ ಫೋಟೊ ನೋಡಿ ಬಹಳ ಚೆನ್ನಾಗಿತ್ತು ಅನ್ನುತ್ತಾರೆ.

ಶ್ರೀಕಾಂತ್ ಒಳ್ಳೆಯವನು. ಸ್ವಲ್ಪ ಅತಿಯಾಗಿ ಒಳ್ಳೆಯವನು, ಒಪ್ಪುತ್ತೇನೆ. ಹಿಂದೆ ನನ್ನ ಗಾಡಿಯಲ್ಲಿ ಬರುವಾಗ ಅವನೇ ನನಗೆ ದಾರಿಯುದ್ದಕ್ಕೂ ಯಾವ ಎಕ್ಸಿಟ್ ಅಂತ ಹೇಳಿಕೊಡುತ್ತಿದ್ದ. ಓ'ಹೇರ್ ಏರ್‌ಪೋರ್ಟಿಗೆ ಹೋಗುವ ದಾರಿ, ಟ್ಯಾಕ್ಸಿ ಓಡಿಸುವ ನನಗೆ. ಅಂಥವನಿಗೆ ಬೇಡ ಅಂತ ಹೇಳಿದರೆ ಕಿವಿಗೆ ಬೀಳುವುದಿಲ್ಲ. ನೀನು ಹೇಳುವುದನ್ನು ಬಿಟ್ಟು ಹೊರಟುಬಿಡಬೇಕು, ಚಪ್ಪಲಿ ಹಾಕಿಕೊಂಡ ಮೇಲೆ ಬಾಯಿ ಬಿಡಬೇಕು.

ಇಲ್ಲಿ ಇವತ್ತು ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ಹದವಾದ ಬಿಸಿಲು. ಬೋಲಿಂಗ್‌ಬ್ರೂಕ್‌ನ ಒಂದು ಕುಟುಂಬ ಆಫೀಸಿಗೆ ಬಂದು ಒಂದೂವರೆ ಗಂಟೆ ಕೂತು, ಪ್ಯಾರಿಸ್‌ನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಸಿಗುತ್ತದೋ ಅಂತ ಕೇಳಿ, ಯೋಚನೆ ಮಾಡಿ ಹೇಳ್ತೀವಿ ಅಂತ ಹೋದರು.

ಅಕ್ಕ ಫೋನ್ ಮಾಡಿದ್ದಳು. ಮಗಳು ನಮ್ಮವರ ಮನೆಯಲ್ಲಿದ್ದಾಳೆ ಅಂತ ಕೇಳಿ ನಿಮ್ಮಮ್ಮನಿಗೆ ಎಷ್ಟು ಸಮಾಧಾನ ಆಯಿತು ಗೊತ್ತಾ.

ಮಾವ


ಸಂತ್ ಕುಗಾತ್
ಮೇ 13

ಮಾವ,

ಶ್ರೀಕಾಂತ್ ಅವರಿಗೆ ನೀವು ನನ್ನ ಬಗ್ಗೆ ಏನು ಹೇಳಿದ್ದೀರಿ?

ನಿನ್ನೆ ಹುಣ್ಣಿಮೆ. ಸಂಜೆ ಆರಕ್ಕೆ ನಾನು ನೀವು ಹೇಳಿದ ಹಾಗೆ ಚಪ್ಪಲಿ ಹಾಕಿಕೊಂಡೇ ಬಾಯಿ ಬಿಟ್ಟೆ. ಬಾಗಿಲು ತೆಗೆದರೆ ಹೊರಗೆ ನಾಲ್ಕು ಜನ ಚಪ್ಪಲಿ ಬಿಚ್ಚುತ್ತಿದ್ದರು. ಸತ್ಯನಾರಾಯಣ ಪೂಜೆಯಂತೆ. ಈ ಊರಿನ ಹನ್ನೊಂದು ಕನ್ನಡ ಸಂಸಾರಗಳೂ ಬಂದಿದ್ದವು. ಪೂಜೆ ಇಟ್ಟುಕೊಂಡದ್ದೇ ನನಗೋಸ್ಕರ ಅಂತ ಆಮೇಲೆ ಗೊತ್ತಾಯಿತು. ಸಂಕಲ್ಪದಲ್ಲಿ ನನ್ನ ಹೆಸರು ಹೇಳಿಸಿದರು. ಗೋತ್ರ ನಿಮ್ಮನ್ನೇ ಕೇಳಿ ತಿಳಿದುಕೊಂಡಿದ್ದರಂತೆ, ಅದನ್ನೂ ನೀವು ಬರೆಯಲಿಲ್ಲ.

ಪ್ರಸಾದ ಕೊಡುತ್ತಾ ಮೂವರು ನನ್ನ ರೆಸ್ಯೂಮೆ ಕೇಳಿದರು. ಒಬ್ಬರು, "ನೀವು ಫಸ್ಟ್ ಪೇಜ್‌ನಲ್ಲಿ ಸಮ್ಮರಿ ಹಾಕಿದೀರಾ?" ಅಂದರು. ನನ್ನ ಕೈಯಲ್ಲಿ ಸಜ್ಜಿಗೆ ಇತ್ತು. ಹೆಂಗಸರು ಮಾತ್ರ ಕೆಲಸದ ವಿಷಯ ಎತ್ತಲೇ ಇಲ್ಲ, ನನ್ನ ಕಡೆ ನೋಡಿ ಪಾಪ ಅನ್ನುವ ಹಾಗೆ ನಗುತ್ತಿದ್ದರು. ಎಲ್ಲರೂ ಹೋದ ಮೇಲೆ ಅನುಸೂಯಮ್ಮ ನನ್ನ ತಲೆ ಸವರಿ ಹೇಳಿದರು. "ಕೆಲ್ಸ ತಾನೇ ಕಣಮ್ಮ ಹೋಗಿದ್ದು. ನಮ್ಮೆಜಮಾನ್ರು ಎರಡು ಸಲ ಸಸ್ಪೆಂಡ್ ಆಗಿದ್ರು. ಒಂದು ಹೊತ್ತೂ ಊಟ ಬಿಡ್ಲಿಲ್ಲ."

ಮಾವ, ಅವರು ನನ್ನ ಕೋಣೆಯ ಹೊರಗೆ ಹಾಸಿಗೆ ಹಾಕಿಕೊಂಡು ಮಲಗುತ್ತಾರೆ. ಸೆಕೆ ಅಂತಾರೆ. ಇಲ್ಲಿ ರಾತ್ರಿ ನಿಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐವತ್ತೈದು ಡಿಗ್ರಿ, ಕಂಬಳಿ ಬೇಕು. ಬಚ್ಚಲಿಗೆ ಎದ್ದರೆ "ಏನಮ್ಮ, ನಿದ್ದೆ ಬರ್ಲಿಲ್ವಾ" ಅಂತ ಕತ್ತಲಲ್ಲಿ ಕೇಳುತ್ತಾರೆ. ಇದು ಅತಿಥಿಯನ್ನು ನೋಡಿಕೊಳ್ಳುವ ರೀತಿಯಲ್ಲ. ಇದು ಕಾವಲು. ಯಾರು ಹೇಳಿದ್ದು, ಯಾಕೆ ಹೇಳಿದ್ದು, ನೇರವಾಗಿ ಬರೆಯಿರಿ. ಅಮ್ಮನಿಗೆ ಸಮಾಧಾನ ಆಯಿತು ಅಂತ ಬರೆಯಬೇಡಿ.

ಲತಾ


ಡೆಸ್ ಪ್ಲೇನ್ಸ್
ಮೇ 13

ಲತಾ,

ಕಾವಲು ಗೀವಲು ಅಂತ ದೊಡ್ಡ ಮಾತು ಬೇಡ. ವಯಸ್ಸಾದವರು ಎಲ್ಲಿ ಗಾಳಿ ಬರುತ್ತದೋ ಅಲ್ಲಿ ಮಲಗುತ್ತಾರೆ.

ಶ್ರೀಕಾಂತನಿಗೆ ಹುಡುಗಿ ಸ್ವಲ್ಪ ನೊಂದಿದ್ದಾಳೆ, ನೋಡಿಕೋ ಅಂದೆ. ಅಷ್ಟೇ. ಅದರಲ್ಲಿ ತಪ್ಪೇನು? ಬೆಳಿಗ್ಗೆಯಿಂದ ಎರಡು ಗ್ರೂಪಿನ ವೀಸಾ ಫೋಟೊ ಇದೆ, ಆಮೇಲೆ ಬರೆಯುತ್ತೇನೆ.

ಮಾವ


ಸಂತ್ ಕುಗಾತ್
ಮೇ 15, ಬೆಳಿಗ್ಗೆ

ಮಾವ,

ಆಮೇಲೆ ಬರೆಯಲಿಲ್ಲ ನೀವು. ನಾನೇ ಬರೆಯುತ್ತೇನೆ, ಐದನೆಯ ರಾತ್ರಿಯ ಸುದ್ದಿ. ನಾಲ್ಕನೆಯದು ಶ್ರೀಕಾಂತ್ ಅವರ ಸಹೋದ್ಯೋಗಿಯ ಮನೆಯಲ್ಲಿ ಪೂರಿ ಸಾಗುವಿನೊಂದಿಗೆ ಮುಗಿಯಿತು. ಹೆಚ್ಚು ಹೇಳುವುದಿಲ್ಲ.

ಪೂಜೆಗೆ ಬಂದವರಲ್ಲಿ ಕಲ್ಮೇಶ್ ಅಂತ ಒಬ್ಬ ಇದ್ದ, ಬಾಗಲಕೋಟೆ ಕಡೆಯವನು, ಇಲ್ಲಿ ಓದುತ್ತಿದ್ದಾನೆ, ಬಾರ್ಸಿಲೋನಾದ ಮಧ್ಯದಲ್ಲೇ ರೂಮು. ನನ್ನ ಪಾಡು ನೋಡಿ ಅವನೇ, "ನೀವು ಏನ್ ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ಬುಧವಾರ ನಮ್ಮ ಕಡೆ ಬರ್ರಿ. ಹುಡುಗರು ಎಲ್ಲೆಲ್ಲಿ ಹೋಗ್ತಾರ, ಎಲ್ಲಾ ತೋರಸ್ತೀನಿ" ಅಂದ. ಕಲ್ಮೇಶನ ಹೆಸರು ಹೇಳಿದ್ದಕ್ಕೆ ಶ್ರೀಕಾಂತ್ ಒಪ್ಪಿದರು, ಯಾಕೆಂದರೆ ಅವನೂ ನಮ್ಮವನೇ.

ರಾತ್ರಿ ಎಂಟೂವರೆಗೆ ರೈಲು ಇಳಿದೆ. ಆಕಾಶ ಆಗ ತಾನೇ ಕೆಂಪಾಗುತ್ತಿತ್ತು. ಬೀದಿ ಕಿರಿದು, ಬಾಲ್ಕನಿಗಳಲ್ಲಿ ಬಟ್ಟೆ, ಪ್ರತಿ ಬಾಗಿಲಿನ ಹೊರಗೂ ಜನ ನಿಂತುಕೊಂಡು ಕುಡಿಯುತ್ತಾ ಹರಟುತ್ತಿದ್ದರು. ಎಲ್ಲೋ ಒಳಗಿನಿಂದ ಡ್ರಮ್ಮಿನ ಸದ್ದು ಕಾಲಿನ ಕೆಳಗೆ ಬರುತ್ತಿತ್ತು. ಒಬ್ಬಳು ಹುಡುಗಿ ನನ್ನ ನೋಡಿ ಸುಮ್ಮನೆ ನಕ್ಕಳು, ಬಾ ಅನ್ನುವ ಹಾಗೆ ಕೈ ಮಾಡಿದಳು. "ಅಕ್ಕಾರ, ಈ ಕಡೆ," ಅಂದ ಕಲ್ಮೇಶ್. ಅವಳ ಬಾಗಿಲಿನಿಂದ ಅವನ ಬಾಗಿಲಿಗೆ ನಲವತ್ತು ಹೆಜ್ಜೆ. ಎಣಿಸಿದ್ದೇನೆ.

ಒಳಗೆ ಏಳು ಹುಡುಗರು ಸಾಲಾಗಿ ನಿಂತಿದ್ದರು. ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಹಿಟ್ಟು ಯಾರೋ ಹುಬ್ಬಳ್ಳಿಯಿಂದ ತಂದಿದ್ದಂತೆ, ಮೂರು ತಿಂಗಳಿಂದ ತೆಗೆದಿರಲಿಲ್ಲವಂತೆ, ಅಕ್ಕಾರು ಬರ್ತಾರಂತ ತೆಗೆದರಂತೆ. "ಮೊದ್ಲ ಊಟ ಮಾಡ್ರಿ, ಆಮ್ಯಾಲೆ ಹೋಗೂಣು. ರಾತ್ರಿ ಎಲ್ಲಿ ಓಡಿ ಹೋಗತೈತಿ?" ಏಳು ಜನರೂ ಕೈಯಲ್ಲೇ ಬಡಿದು ರೊಟ್ಟಿ ಮಾಡಿದರು, ಒಂದೊಂದೂ ಒಂದೊಂದು ದೇಶದ ಭೂಪಟದ ಹಾಗಿತ್ತು. ನಾನು ಹೇಗೆ ಬೇಡ ಅನ್ನಲಿ? ಹನ್ನೊಂದಕ್ಕೆ ಕೈ ತೊಳೆದು ಎದ್ದೆವು. ಕೆಳಗೆ ಬಂದರೆ ರಸ್ತೆಯ ಆ ಬದಿಯಲ್ಲಿ ಶ್ರೀಕಾಂತ್ ಕಾರಿನಲ್ಲಿ ಕೂತಿದ್ದರು. ಹತ್ತೂವರೆಯಿಂದ. "ಅವಸರ ಇಲ್ಲಮ್ಮ," ಅಂದರು. "ಅಮ್ಮ ಎದ್ದೇ ಇದಾರೆ, ಹಾಲು ಬಿಸಿ ಮಾಡಿಟ್ಟಿದಾರೆ."

ದಾರಿಯಲ್ಲಿ ಅಳು ಬಂತು, ಕೋಪದಿಂದ. ಅವರು ಅದನ್ನು ನೋಡಿ ರೇಡಿಯೊ ಆರಿಸಿದರು. ಇವತ್ತು ಬೆಳಿಗ್ಗೆಯಿಂದ ಮನೆಯವರೆಲ್ಲ ಮೆಲ್ಲಗೆ ಮಾತಾಡುತ್ತಿದ್ದಾರೆ.

ಎರಡು ಉಳಿದಿದೆ.

ಲತಾ


ಡೆಸ್ ಪ್ಲೇನ್ಸ್
ಮೇ 15

ಲತಾ,

ನಿನ್ನೆ ರಾತ್ರಿ ನೀನು ಅಳುತ್ತಿದ್ದೆ ಅಂತ ಶ್ರೀಕಾಂತ್ ಹೇಳಿದ. ಅವನು ಹೇಳಿದಾಗ ನನ್ನ ಊಹೆ ಸರಿ ಅಂದುಕೊಂಡೆ. ನಿನ್ನ ಮೇಲ್ ಓದಿದ ಮೇಲೆ ಆ ಊಹೆಯ ಮೇಲೆ ಅಷ್ಟು ನಂಬಿಕೆ ಉಳಿದಿಲ್ಲ.

ನೇರವಾಗಿ ಬರಿ ಅಂದೆಯಲ್ಲ. ಬರೆಯುತ್ತೇನೆ. ನಿಮ್ಮತ್ತೆಗೂ ಇದನ್ನು ಹೇಳಿಲ್ಲ.

ಹದಿನಾಲ್ಕು ವರ್ಷ ರಾತ್ರಿ ಪಾಳಿಯಲ್ಲಿ ಟ್ಯಾಕ್ಸಿ ಓಡಿಸಿದೆ. ಷಿಕಾಗೋದ ನೈಟ್ ಲೈಫ್ ಅಂದರೆ ನನಗೆ ಹಿಂದಿನ ಸೀಟು. ವಾಂತಿ ಮಾಡಿದವರು, ಜಗಳ ಆಡಿದವರು, ಮನೆ ವಿಳಾಸ ಮರೆತವರು. ಅವರು ಎಲ್ಲಿಂದ ಬಂದರೋ ಆ ಬಾಗಿಲಿನ ಒಳಗೆ ಒಂದು ದಿನವೂ ಕಾಲಿಟ್ಟಿಲ್ಲ.

2009ರ ಜನವರಿ. ಸೊನ್ನೆಗಿಂತ ಐದು ಡಿಗ್ರಿ ಕೆಳಗೆ. ಬೆಳಗಿನ ಜಾವ ಎರಡಕ್ಕೆ ಒಬ್ಬಳು ಹುಡುಗಿ ಹತ್ತಿದಳು, ಕುತ್ತಿಗೆಯಲ್ಲಿ ಆಫೀಸಿನ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು. ಆವತ್ತೇ ಕೆಲಸದಿಂದ ತೆಗೆದಿದ್ದರಂತೆ. ಎಲ್ಲಿಗೆ ಅಂದರೆ, ಎಲ್ಲಿಗಾದರೂ ಓಡಿಸು ಅಂದಳು. ಸರೋವರದ ರಸ್ತೆಯಲ್ಲಿ ಮೇಲೆ ಕೆಳಗೆ ಒಂದು ಗಂಟೆ ಓಡಿಸಿದೆ. ಅವಳು ಕಿಟಕಿ ನೋಡುತ್ತಾ ಕೂತಿದ್ದಳು. ನನಗೆ ಮೂರೂವರೆಗೆ ಏರ್‌ಪೋರ್ಟಿನ ಗಿರಾಕಿ ಇದ್ದ. ಮನೆ ಎಲ್ಲಿ ಅಂದೆ, ಇಲ್ಲೇ ಇಳಿಸು ಅಂದಳು. ನೀರಿನ ಪಕ್ಕ. ಇಳಿಸಿದೆ. ಗಿರಾಕಿ ಕಾಯುತ್ತಿದ್ದ. ಕನ್ನಡಿಯಲ್ಲಿ ನೋಡಿದೆ, ಅಲ್ಲೇ ನಿಂತಿದ್ದಳು. ಆಮೇಲೆ ಒಂದು ವಾರ ಪೇಪರು ನೋಡಿದೆ. ಏನೂ ಬರಲಿಲ್ಲ. ಪೇಪರಿನಲ್ಲಿ ಬರಲಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅಲ್ಲ.

ಮಾರ್ಚ್‌ನಲ್ಲಿ ನೀನು ಫೋನ್ ಮಾಡಿ, ಕೆಲಸ ಹೋಯಿತು ಮಾವ, ಗೊತ್ತಿಲ್ಲದ ಊರಲ್ಲಿ ಒಬ್ಬಳೇ ರಾತ್ರಿಯೆಲ್ಲಾ ತಿರುಗಬೇಕು ಅಂದೆ. ನಗುತ್ತಾ ಹೇಳಿದೆ. ಆ ಹುಡುಗಿಯೂ ಗಾಡಿ ಹತ್ತುವಾಗ ನಕ್ಕಿದ್ದಳು. ಅದಕ್ಕೇ ಹಾಸ್ಟೆಲ್ ಕ್ಯಾನ್ಸಲ್ ಆದದ್ದು. ಬಚ್ಚಲು ಒಂದೇ ಅನ್ನುವುದು ನೆಪ.

ಮಾವ


ಸಂತ್ ಕುಗಾತ್
ಮೇ 15, ರಾತ್ರಿ

ಮಾವ,

ಎರಡು ಸಲ ಓದಿದೆ. ಕೋಪ ಹೋಯಿತು ಅಂತ ಬರೆಯಲು ಮನಸ್ಸಿದೆ. ಹೋಗಿಲ್ಲ.

ಆ ಹುಡುಗಿ ನಾನಲ್ಲ. ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಮಾರ್ಚ್ ಹದಿನೇಳರ ರಾತ್ರಿ ನಾನು ಏನು ಮಾಡಿದೆ ಗೊತ್ತಾ? ಒಂಬತ್ತು ಗಂಟೆ ನಿದ್ದೆ ಮಾಡಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಫೋನು ಇನ್ನೊಂದು ಕೋಣೆಯಲ್ಲಿಟ್ಟು ಮಲಗಿದೆ. ಎದ್ದಾಗ ಕಿಟಕಿಯ ಹೊರಗೆ ಹಿಮ ಕರಗುತ್ತಿತ್ತು, ಮೈ ಹಗುರವಾಗಿತ್ತು. ಅದನ್ನು ಯಾರಿಗೆ ಹೇಳುವುದು? ಕೆಲಸ ಕಳೆದುಕೊಂಡವಳು ಹಗುರವಾಗಿದ್ದೇನೆ ಅಂದರೆ ಅಹಂಕಾರ ಅನ್ನುತ್ತಾರೆ, ಇಲ್ಲವೇ ನಿಮ್ಮ ಹಾಗೆ ಹೆದರುತ್ತಾರೆ. ಅದಕ್ಕೇ ಯಾರಿಗೂ ಏನೂ ಹೇಳಬೇಕಾಗಿಲ್ಲದ ಒಂದು ಊರು ಆರಿಸಿಕೊಂಡೆ. ಅಲ್ಲಿ ನೀವು ಹನ್ನೊಂದು ಸಂಸಾರ ತುಂಬಿದಿರಿ.

ಇವತ್ತು ರಾತ್ರಿ ಸುಹಾಸಿನಿ ನನಗೋಸ್ಕರ ಮಾಡಿದ ಪಾನಿಪೂರಿ ತಿಂದೆ. ನಾಳೆ ಕೊನೆಯ ರಾತ್ರಿ, ಅನುಸೂಯಮ್ಮ ಹೋಳಿಗೆಗೆ ಬೇಳೆ ಆರಿಸಿಟ್ಟಿದ್ದಾರೆ. ಅವರ ಮೊಣಕಾಲು ಊದಿಕೊಂಡಿದೆ. ನಾನು ಎದ್ದು ಹೊರಗೆ ಹೋದರೆ ಆ ಹೋಳಿಗೆ ಯಾರೂ ಮುಟ್ಟುವುದಿಲ್ಲ. ಒಳ್ಳೆಯವರ ಕೈಯಿಂದ ತಪ್ಪಿಸಿಕೊಳ್ಳುವುದು ನನಗೆ ಬರುವುದಿಲ್ಲ, ಅದು ನನ್ನ ತಪ್ಪು, ನಿಮ್ಮದಲ್ಲ.

ಭಾನುವಾರದಿಂದ ಮೈಸೂರು. ಅಮ್ಮ, ಅಜ್ಜಿ, ಮೇಲಿನ ಮನೆಯವರು, ನೋಡಲು ಬರುವವರು. ಸಂಜೆ ಆರರ ಮೇಲೆ ಎಲ್ಲಿಗೆ ಅಂತ ಕೇಳುವವರು. ಅಲ್ಲಿ ನಾನು ಚೆನ್ನಾಗಿಯೇ ಇರುತ್ತೇನೆ ಮಾವ, ಅದೇನೂ ಜೈಲಲ್ಲ. ಆದರೆ ಒಂದು ರಾತ್ರಿ ಕೇಳಿದ್ದೆ, ಏಳು ಇದ್ದವು, ಏಳೂ ಹೋಯಿತು. ಇಷ್ಟೇ ನನ್ನ ಲೆಕ್ಕ.

ಲತಾ


ಡೆಸ್ ಪ್ಲೇನ್ಸ್
ಮೇ 16, ಬೆಳಿಗ್ಗೆ 4.40

ಲತಾ,

ಇದನ್ನು ಒಬ್ಬಳೇ ಓದು. ಶ್ರೀಕಾಂತನ ಮನೆಯಲ್ಲಿ ಯಾರಿಗೂ ಹೇಳಬೇಡ.

ನಿನ್ನ ಟಿಕೆಟ್ ಬದಲಾಯಿಸಿದ್ದೇನೆ. ಶನಿವಾರ ಅಲ್ಲ, ಭಾನುವಾರ ಹದಿನೆಂಟು, ಮಧ್ಯಾಹ್ನ ಮೂರು ಇಪ್ಪತ್ತು. ನಿನ್ನ ಯುರೋಪ್ ವೀಸಾ ಇಪ್ಪತ್ತೈದರವರೆಗೆ ಇದೆ, ಪಾಸ್‌ಪೋರ್ಟಿನ ಕಾಪಿ ತೆಗೆದು ನೋಡಿದೆ.

ಇವತ್ತು ಹೋಳಿಗೆ ತಿನ್ನು. ಚೆನ್ನಾಗಿ ತಿನ್ನು, ಇನ್ನೊಂದು ಬಡಿಸಿದರೆ ಅದನ್ನೂ ತಿನ್ನು. ನಾಳೆ ಹನ್ನೊಂದಕ್ಕೆ ಶ್ರೀಕಾಂತ್ ಏರ್‌ಪೋರ್ಟಿಗೆ ಬಿಡುತ್ತಾನೆ. ಒಳಗೆ ಬಂದು ಟ್ರಾಲಿ ತಳ್ಳುವ ಅಭ್ಯಾಸ ಅವನಿಗೆ. ಮಗುವಿನ ಈಜಿನ ಕ್ಲಾಸು ತಪ್ಪಿಸಬೇಡ, ಬಾಗಿಲಲ್ಲೇ ಇಳಿಸು ಅಂತ ನಾನು ಫೋನ್ ಮಾಡಿ ಹೇಳುತ್ತೇನೆ. ಕೈ ಬೀಸು. ಒಳಗೆ ಹೋಗು. ಹದಿನೈದು ನಿಮಿಷ ಕೂತಿರು, ಅವನು ಮರೆತದ್ದೇನೋ ಕೊಡಲು ವಾಪಸು ಬರುವ ಜಾತಿ. ಆಮೇಲೆ ಸೂಟ್‌ಕೇಸುಗಳನ್ನು ಲಗೇಜ್ ಇಡುವ ಕೋಣೆಯಲ್ಲಿ ಕೊಟ್ಟು ಚೀಟಿ ತಗೋ. ಕೆಳಗಿನ ಮಹಡಿಯಿಂದ ಹೊರಗೆ ಬಾ.

ಅಷ್ಟು ಹೊತ್ತಿಗೆ ಶ್ರೀಕಾಂತನ ಪ್ರಕಾರ ನೀನು ವಿಮಾನದಲ್ಲಿರುತ್ತೀಯ. ಲತಾಗೆ ಕನೆಕ್ಷನ್ ವಿಮಾನ ಸಿಗಲಿಲ್ಲ, ನಡುವಿನ ಊರಲ್ಲಿ ವಿಮಾನದವರೇ ಹೋಟೆಲ್ ಕೊಟ್ಟಿದ್ದಾರೆ, ಫೋನ್ ಸಿಗುವುದಿಲ್ಲ ಅಂತ ಅಕ್ಕನಿಗೆ ಹೇಳುತ್ತೇನೆ. ಅಕ್ಕನಿಗೆ ನಾನು ಹೇಳುವ ಮೊದಲ ಸುಳ್ಳೇನೂ ಅಲ್ಲ. ನನಗೇನೂ ಲಾಭ ಇಲ್ಲದೆ ಹೇಳುವುದು ಮೊದಲು.

ಹಾಸಿಗೆ ಎಲ್ಲೂ ಬುಕ್ ಮಾಡಿಲ್ಲ. ನೀನು ಮಲಗುವವಳಲ್ಲ ಅಂತ ಕಾಣುತ್ತದೆ.

ಒಂದು ಗಂಟೆಗೊಮ್ಮೆ ಮೆಸೇಜ್ ಹಾಕು ಅಂತ ಬರೆದಿದ್ದೆ. ಅಳಿಸಿದೆ. ಮಧ್ಯರಾತ್ರಿಗೆ ಒಂದು ಸಲ ಹಾಕು ಅಂತ ಬರೆದೆ. ಅದನ್ನೂ ಅಳಿಸಿದ್ದೇನೆ. ನನ್ನ ನಂಬರನ್ನು ಒಂದು ಕಾಗದದಲ್ಲಿ ಬರೆದು ಶೂ ಒಳಗೆ ಇಟ್ಟುಕೋ, ಫೋನು ಕದ್ದರೆ ಬೇಕಾಗುತ್ತದೆ. ಇದನ್ನು ಅಳಿಸುವುದಿಲ್ಲ.

ಮಾವ


ಡೆಸ್ ಪ್ಲೇನ್ಸ್
ಮೇ 18, ಬೆಳಿಗ್ಗೆ

ಲತಾ,

ವಿಮಾನ ಹೊರಟಿದೆ ಅಂತ ಕಂಪ್ಯೂಟರ್ ಹೇಳುತ್ತಿದೆ. ನಿನ್ನ ಹೆಸರಿನ ಮುಂದೆ ಹತ್ತಿದ್ದಾರೆ ಅಂತ ಗುರುತು ಬಿದ್ದಿದೆ. ಆ ಒಂದು ಗುರುತಿಗೆ ಬೆಳಗಿನ ನಾಲ್ಕರಿಂದ ಇಪ್ಪತ್ತು ಸಲ ಅದೇ ಪುಟ ತೆಗೆದು ನೋಡಿದ್ದೇನೆ.

ಅಕ್ಕ ನಿನ್ನೆ ಆರು ಸಲ ಫೋನ್ ಮಾಡಿದಳು. ಯಾವ ಹೋಟೆಲ್, ಎಷ್ಟನೇ ಮಹಡಿ, ಸಸ್ಯಾಹಾರ ಸಿಗುತ್ತದಾ. ಎಲ್ಲಕ್ಕೂ ಉತ್ತರ ಕೊಟ್ಟೆ. ನಾಲ್ಕನೇ ಮಹಡಿ. ಮರೆಯಬೇಡ.

ನಿನ್ನೆ ನಮಗೆ ರಾತ್ರಿ ಹತ್ತಾದಾಗ ನಿನಗೆ ಬೆಳಗಿನ ಐದು. ನನಗೆ ಕೂರಲಾಗಲಿಲ್ಲ. ಗಾಡಿ ತೆಗೆದು ಡೆವನ್‌ಗೆ ಹೋದೆ, ನಿಲ್ಲಿಸಿ ಇಳಿದೆ. ಗಿರಾಕಿ ಇಲ್ಲದೆ, ಕೆಲಸ ಇಲ್ಲದೆ, ರಾತ್ರಿ ಹೊತ್ತು ಈ ಊರಲ್ಲಿ ಕಾಲ್ನಡಿಗೆಯಲ್ಲಿ ಹೋದದ್ದು ಇದೇ ಮೊದಲು. ಅಂಗಡಿಗಳು ಮುಚ್ಚಿದ್ದವು. ಒಂದು ಚಹಾ ಅಂಗಡಿ ಮಾತ್ರ ತೆರೆದಿತ್ತು, ಹುಡುಗರು ಕಾರಿನ ಬಾನೆಟ್ಟಿನ ಮೇಲೆ ಕೂತು ನಗುತ್ತಿದ್ದರು. ಎರಡು ಬ್ಲಾಕು ನಡೆದೆ, ವಾಪಸು ಬಂದೆ. ನಿನಗೇನು ಕಾಣಿಸುತ್ತದೋ ನನಗೆ ಕಾಣಿಸಲಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ಹೋಯಿತು, ಅಷ್ಟೇ.

ತಲುಪಿದ ಕೂಡಲೇ ಬರಿ. ಎಲ್ಲಿಗೆ ಹೋದೆ, ಯಾರಿದ್ದರು, ಎಷ್ಟು ಹೊತ್ತಿಗೆ ಏನು, ಒಂದೂ ಬಿಡದೆ. ಇಷ್ಟು ಸುಳ್ಳು ಹೇಳಿದ್ದೇನೆ, ಅಷ್ಟಾದರೂ ನನಗೆ ಗೊತ್ತಾಗಬೇಕು.

ಮಾವ


ಮೈಸೂರು
ಮೇ 20

ಮಾವ,

ನಿನ್ನೆ ಸಂಜೆ ಮನೆ ತಲುಪಿದೆ. ಎರಡು ಸೂಟ್‌ಕೇಸೂ ಬಂದವು. ಅಮ್ಮ ಹೋಟೆಲ್ ಹೇಗಿತ್ತು ಅಂದರು, ನಾಲ್ಕನೇ ಮಹಡಿ ಅಂದೆ. ಅಜ್ಜಿ ಇಳಿದುಹೋಗಿದೀಯಾ ಅಂದರು. ಏಳು ದಿನ ಏಳು ಊಟ ತಿಂದವಳನ್ನು ನೋಡಿ ಹೀಗೆ ಹೇಳಲು ಅಜ್ಜಿಗೆ ಮಾತ್ರ ಸಾಧ್ಯ.

ಶ್ರೀಕಾಂತ್ ನೀವು ಹೇಳಿದ ಹಾಗೆ ವಾಪಸು ಬಂದರು. ಹತ್ತು ನಿಮಿಷಕ್ಕೆ. ಹೋಳಿಗೆಗೆ ತುಪ್ಪದ ಬಾಟಲಿ ಕೊಡಲು. ನಾನು ಸಾಲಿನಲ್ಲಿ ನಿಂತ ಹಾಗೆ ನಟಿಸಿದೆ. ಪಾಪ, ಕಣ್ಣು ಒರೆಸಿಕೊಂಡು ಹೋದರು. ಅವರಿಗೆ ನಾನು ಎಂದಾದರೂ ನಿಜ ಹೇಳುತ್ತೇನೆ, ಈಗ ಅಲ್ಲ.

ಹನ್ನೆರಡೂವರೆಗೆ ಕೆಳಗಿನ ಬಾಗಿಲಿನಿಂದ ಹೊರಗೆ ಬಂದೆ. ಮಾರನೆಯ ದಿನ ಹನ್ನೊಂದಕ್ಕೆ ಅದೇ ಬಾಗಿಲಿನಿಂದ ಒಳಗೆ ಹೋದೆ. ನಿಮ್ಮ ನಂಬರು ಶೂ ಒಳಗೇ ಇತ್ತು, ಅಕ್ಷರ ಅಳಿಸಿಹೋಗಿತ್ತು. ಅಷ್ಟು ನಡೆದಿದ್ದೇನೆ ಅಂತ ತಿಳಿಯಿರಿ.

ನಡುವಿನ ಇಪ್ಪತ್ತೆರಡೂವರೆ ಗಂಟೆಯ ವಿವರ ಬರೆಯಲು ಕೂತೆ, ಮಾವ. ನಿಮಗೆ ಅದು ಸಲ್ಲಬೇಕು, ಗೊತ್ತಿದೆ. ಎಂಟು ಗಂಟೆಗೆ ಇಲ್ಲಿ, ಹತ್ತಕ್ಕೆ ಅಲ್ಲಿ, ಒಂದಕ್ಕೆ ಇಂಥ ಕಡೆ ಅಂತ ನಾಲ್ಕು ಸಾಲು ಬರೆದೆ. ಓದಿದರೆ ನನ್ನ ಹಳೇ ಶನಿವಾರಗಳ ವರದಿಯ ಹಾಗೇ ಇತ್ತು, ಯಾವ ಹೊತ್ತಿಗೆ ಯಾವ ಲೈನ್ ಸರಿಯಾಗಿದೆ ಅಂತ. ಅಳಿಸಿಬಿಟ್ಟೆ. ನೀವೂ ಎರಡು ಸಲ ಅಳಿಸಿದ್ದೀರಿ, ಅದಕ್ಕೆ ನಿಮಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಅರ್ಥವಾಗದಿದ್ದರೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಈಗ ಅಮ್ಮ ನಡುಮನೆಯಲ್ಲಿ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದಾರೆ. ನಾನು ಎದುರಿಗೆ ಕೂತು ಬರೆಯುತ್ತಿದ್ದೇನೆ. ಆಗಲೇ ಒಮ್ಮೆ ತಲೆಯೆತ್ತಿ, "ಏನೇ, ಒಬ್ಬಳೇ ನಗ್ತಾ ಇದೀಯ?" ಅಂದರು.

ಏನಿಲ್ಲ ಅಂದೆ.

ಲತಾ